ಗುಡ್ಡದ ಮೇಲೆ ಹೊಸ ಲೇಔಟ್ ಬಂದರೆ ನಿಜವಾಗಿಯೂ ಟ್ರಾಫಿಕ್ ಹೆಚ್ಚುತ್ತಾ? ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕ ನೋಡಿ

ಊರ ಪಕ್ಕದ ಗುಡ್ಡದ ಮೇಲೆ ಹೊಸ ಲೇಔಟ್ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಮೆಸೇಜ್ ಓಡಾಡಲು ಶುರುವಾಗುತ್ತವೆ. ಒಂದು, "ಸಾವಿರಾರು ಗಾಡಿ ಬರ್ತಾವೆ, ಊರಿನ ಕಥೆ ಮುಗೀತು, ಎಲ್ಲರಿಗೂ ಶೇರ್ ಮಾಡಿ". ಇನ್ನೊಂದು, "ನೂರಿನ್ನೂರು ಮನೆಗೆ ಏನಾಗುತ್ತೆ? ಇವರೆಲ್ಲ ಅಭಿವೃದ್ಧಿ ವಿರೋಧಿಗಳು". ಎರಡರಲ್ಲೂ ಒಂದು ಅಂಶ ಇರುವುದಿಲ್ಲ: ಲೆಕ್ಕ.

ಹಾವೇರಿ ಜಿಲ್ಲೆ ಎಂದರೆ ಬಯಲು ಸೀಮೆ ಎಂದು ಹಲವರು ಭಾವಿಸುತ್ತಾರೆ. ಸವಣೂರಿನ ಸುತ್ತ ಅದು ಬಹುಪಾಲು ನಿಜ. ಆದರೆ ಹಾನಗಲ್ ಮತ್ತು ಶಿಗ್ಗಾವಿಯ ಪಶ್ಚಿಮ ಭಾಗ ಅರೆಮಲೆನಾಡು. ಹಿರೇಕೆರೂರು ಕಡೆ ಮದಗ–ಮಾಸೂರಿನ ಕೆರೆಯನ್ನೇ ಗುಡ್ಡಗಳ ನಡುವೆ ಕುಮದ್ವತಿಗೆ ಅಡ್ಡವಾಗಿ ಕಟ್ಟಲಾಗಿದೆ. ಊರು ಬೆಳೆದಂತೆ ಸಮತಟ್ಟಾದ ಜಾಗದ ಬೆಲೆ ಏರುತ್ತದೆ. ಆಗ ಪ್ಲಾಟ್ ಮಾಡುವವರ ಕಣ್ಣು ಇಳಿಜಾರಿನ ಜಮೀನಿನ ಮೇಲೆ ಬೀಳುವುದು ಸಹಜ.

ಈ ಲೇಖನ ಯಾವುದೇ ಒಂದು ಯೋಜನೆಯ ಪರವೂ ಅಲ್ಲ, ವಿರುದ್ಧವೂ ಅಲ್ಲ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ಏಳು ಮಾತುಗಳನ್ನು ತೆಗೆದುಕೊಂಡು, ಯಾವುದು ಸರಿ, ಯಾವುದು ತಪ್ಪು, ಯಾವುದು ಅರ್ಧ ಸತ್ಯ ಎಂದು ಇಲ್ಲಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ ಬೇಕೇ?

ಎಷ್ಟು ಮನೆ ಬರುತ್ತವೆ ಎನ್ನುವುದಕ್ಕಿಂತ, ಆ ಮನೆಗಳಿಂದ ಕೆಳಗೆ ಇಳಿಯಲು ಎಷ್ಟು ದಾರಿ ಇದೆ, ಆ ದಾರಿ ಎಷ್ಟು ಅಗಲ, ಎಷ್ಟು ಏರು, ಮತ್ತು ಮುಖ್ಯ ರಸ್ತೆಗೆ ಎಲ್ಲಿ ಬಂದು ಸೇರುತ್ತದೆ ಎನ್ನುವುದೇ ಮುಖ್ಯ. ಅದೇ 200 ಮನೆ ಒಂದು ಕಡೆ ಗೊತ್ತೇ ಆಗದಂತೆ ಬೆರೆತು ಹೋಗುತ್ತವೆ. ಇನ್ನೊಂದು ಕಡೆ ಸುಗ್ಗಿ ಕಾಲದಲ್ಲಿ ರಸ್ತೆಯನ್ನೇ ನಿಲ್ಲಿಸಬಲ್ಲವು.

ಮಾತು 1: "100 ಮನೆ ಅಂದರೆ 100 ಗಾಡಿ, ಅಷ್ಟೇ"

ದಾರಿ ತಪ್ಪಿಸುವ ಮಾತು.

ರಸ್ತೆಗೆ ಭಾರವಾಗುವುದು ಮನೆ ಮುಂದೆ ನಿಂತ ಗಾಡಿ ಅಲ್ಲ, ಓಡಾಡುವ ಗಾಡಿ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದರೆ ಅದು ಎರಡು ಸಲದ ಓಡಾಟ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದರೆ ಇನ್ನೆರಡು. ಹಾಲು, ಗ್ಯಾಸ್ ಸಿಲಿಂಡರ್, ಕೊರಿಯರ್, ಕಸದ ಗಾಡಿ, ಶಾಲೆಯ ವ್ಯಾನ್, ಮನೆಗೆ ಬರುವ ನೆಂಟರು, ಇವೆಲ್ಲ ಸೇರುತ್ತವೆ.

ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಕೈಪಿಡಿ ಒಂದು ಒಂಟಿ ಮನೆಗೆ ದಿನಕ್ಕೆ ಸುಮಾರು 9ರಿಂದ 10 ಸಲದ ಓಡಾಟ ಎಂದು ಲೆಕ್ಕ ಹಿಡಿಯುತ್ತದೆ. ಅಲ್ಲಿ ಎಲ್ಲದಕ್ಕೂ ಕಾರು ಬೇಕು, ಹಾಗಾಗಿ ಆ ಸಂಖ್ಯೆಯನ್ನು ನಮ್ಮ ಊರಿಗೆ ಹಾಗೆಯೇ ಅಂಟಿಸುವುದು ತಪ್ಪು. ನಮ್ಮಲ್ಲಿ ಬೈಕು ಹೆಚ್ಚು, ನಡೆದು ಹೋಗುವವರೂ ಇದ್ದಾರೆ. ಆದರೆ ಗುಡ್ಡದ ಮೇಲಿನ ಲೇಔಟ್‌ನಲ್ಲಿ ಒಂದು ವ್ಯತ್ಯಾಸವಿದೆ. ಸಮತಟ್ಟಾದ ಓಣಿಯಲ್ಲಿ ಕಿರಾಣಿ ಅಂಗಡಿಗೆ ನಡೆದು ಹೋಗುವ ವ್ಯಕ್ತಿ, ಏರು ಇದ್ದರೆ ಅದೇ ಅರ್ಧ ಕಿಲೋಮೀಟರಿಗೂ ಬೈಕ್ ತೆಗೆಯುತ್ತಾರೆ. ಹಾಗಾಗಿ ಗುಡ್ಡದ ಮನೆಗಳಲ್ಲಿ ಗಾಡಿಯ ಓಡಾಟ ಕಡಿಮೆ ಆಗುವುದಿಲ್ಲ, ಹೆಚ್ಚೇ ಆಗುತ್ತದೆ ಎಂದು ಹಿಡಿಯುವುದು ಜಾಣತನ.

ಮಾತು 2: "ಲೇಔಟ್ ಒಳಗೆ 40 ಅಡಿ ರಸ್ತೆ ಕೊಟ್ಟಿದ್ದಾರೆ, ಇನ್ನೇನು ತೊಂದರೆ?"

ಅರ್ಧ ಸತ್ಯ.

ಬ್ರೋಷರ್‌ನಲ್ಲಿ ಕಾಣುವುದು ಲೇಔಟ್ ಒಳಗಿನ ರಸ್ತೆ. ಟ್ರಾಫಿಕ್ ನಿರ್ಧರಿಸುವುದು ಲೇಔಟ್‌ನ ಗೇಟಿನಿಂದ ಮುಖ್ಯ ರಸ್ತೆಯವರೆಗಿನ ದಾರಿ, ಅದರಲ್ಲೂ ಆ ದಾರಿಯ ಅತ್ಯಂತ ಕಿರಿದಾದ ಜಾಗ. ಅದು ಹಳೆಯ ಸೇತುವೆ ಆಗಿರಬಹುದು, ಗುಡಿಯ ಪಕ್ಕದ ತಿರುವಾಗಿರಬಹುದು. ದೊಡ್ಡ ಕೊಡದ ಬಾಯಿ ಚಿಕ್ಕದಿದ್ದರೆ ನೀರು ಬಾಯಿಯ ಅಳತೆಯಲ್ಲೇ ಹೊರಗೆ ಬರುತ್ತದೆ.

ಇಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಮಾನದಂಡ ನೆರವಿಗೆ ಬರುತ್ತದೆ. ನಮ್ಮ ದೇಶದ ರಸ್ತೆಗಳ ಅಳತೆ, ಏರು, ತಿರುವುಗಳ ನಿಯಮಗಳನ್ನು ರೂಪಿಸುವ ಸಂಸ್ಥೆ ಇದು. ಊರ ಹೊರಗಿನ ರಸ್ತೆಯೊಂದು ದಿನಕ್ಕೆ ಎಷ್ಟು ವಾಹನಗಳನ್ನು ಸಲೀಸಾಗಿ ಹೊರಬಲ್ಲದು ಎಂಬುದಕ್ಕೆ 1990ರಲ್ಲಿ ಅದು ಹೊರತಂದ ಮಾರ್ಗಸೂಚಿಯಲ್ಲಿ ಲೆಕ್ಕ ಇದೆ. ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ತಂದು ಎಣಿಸುತ್ತಾರೆ. ಆ ಅಳತೆಗೆ ಪಿ.ಸಿ.ಯು. ಎಂದು ಹೆಸರು.

- ಬೈಕ್, ಸ್ಕೂಟರ್: ಅರ್ಧ
- ಕಾರು, ಆಟೊ: 1
- ಬಸ್ಸು, ಲಾರಿ: 3
- ಟ್ರೇಲರ್ ಹೂಡಿದ ಟ್ರ್ಯಾಕ್ಟರ್: 4.5
- ಎತ್ತಿನ ಗಾಡಿ: 8

ಎತ್ತಿನ ಗಾಡಿಗೆ 8 ಯಾಕೆ? ಅದು ನಿಧಾನ. ಹಿಂದೆ ಬರುವವರನ್ನೆಲ್ಲ ತಡೆಯುತ್ತದೆ. ಅಂದರೆ ಇದು ಗಾಡಿಯ ಗಾತ್ರದ ಲೆಕ್ಕ ಮಾತ್ರ ಅಲ್ಲ, ಅದು ರಸ್ತೆಯಲ್ಲಿ ಕೊಡುವ ತಡೆಯ ಲೆಕ್ಕ.

ಈಗ ರಸ್ತೆಯ ಸಾಮರ್ಥ್ಯ ನೋಡಿ. ದಿನಕ್ಕೆ ಇಷ್ಟು ಪಿ.ಸಿ.ಯು.:

- ಎರಡು ಲೇನ್ ರಸ್ತೆ, ಬಯಲಿನಲ್ಲಿ, ತಿರುವು ಕಡಿಮೆ: 15,000
- ಅದೇ ಎರಡು ಲೇನ್, ಏರಿಳಿತದ ನೆಲದಲ್ಲಿ, ತಿರುವು ಹೆಚ್ಚು: 10,000
- ಅದೇ ಎರಡು ಲೇನ್, ಗುಡ್ಡದಲ್ಲಿ, ತಿರುವು ಹೆಚ್ಚು: 5,000
- ಒಂದೇ ಲೇನ್ ರಸ್ತೆ, ಬಯಲಿನಲ್ಲಿ: 2,000
- ಒಂದೇ ಲೇನ್, ಏರಿಳಿತದ ನೆಲದಲ್ಲಿ, ತಿರುವು ಹೆಚ್ಚು: 1,700
- ಒಂದೇ ಲೇನ್, ಗುಡ್ಡದಲ್ಲಿ, ತಿರುವು ಹೆಚ್ಚು: 1,400

ಗಮನಿಸಿ: ಡಾಂಬರಿನ ಅಗಲ ಅಷ್ಟೇ ಇದ್ದರೂ, ಎರಡು ಲೇನ್ ರಸ್ತೆ ಬಯಲಿನಿಂದ ಗುಡ್ಡಕ್ಕೆ ಬಂದರೆ ಅದರ ಸಾಮರ್ಥ್ಯ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. "ರಸ್ತೆ ಚೆನ್ನಾಗಿದೆಯಲ್ಲ" ಎಂದು ಅಗಲ ಮಾತ್ರ ನೋಡಿ ಹೇಳುವುದು ಇದಕ್ಕೇ ಸಾಲದು.

ಒಂದು ಎಚ್ಚರಿಕೆಯೂ ಬೇಕು. ಈ ಸಂಖ್ಯೆಗಳು ರಸ್ತೆ ಪೂರ್ತಿ ಕಟ್ಟಿಕೊಳ್ಳುವ ಮಿತಿಯಲ್ಲ. ವಾಹನಗಳು ಸಲೀಸಾಗಿ ಓಡಾಡಬಹುದಾದ ಮಿತಿ. ಇದನ್ನು ದಾಟಿದ ದಿನವೇ ಜಾಮ್ ಆಗುವುದಿಲ್ಲ. ಕಾಯುವಿಕೆ, ಹಾರ್ನ್, ಅಪಾಯದ ಓವರ್‌ಟೇಕ್ ಹೆಚ್ಚುತ್ತಾ ಹೋಗುತ್ತವೆ.

ಒಂದು ಉದಾಹರಣೆ ಲೆಕ್ಕ

ಇದು ಕಲ್ಪಿತ ಲೇಔಟ್. ನಿಮ್ಮ ಊರಿನ ಸಂಖ್ಯೆ ಹಾಕಿಕೊಂಡು ನೀವೇ ಮಾಡಿ ನೋಡಬಹುದು.

ಗುಡ್ಡದ ಮೇಲೆ 200 ಮನೆ ಎಂದುಕೊಳ್ಳೋಣ. ಒಂದು ಮನೆಗೆ ದಿನಕ್ಕೆ 6 ಸಲದ ಓಡಾಟ. ಒಟ್ಟು 1,200. ಅದರಲ್ಲಿ 900 ಬೈಕಿನದು, 300 ಕಾರು–ಆಟೊದ್ದು. ಬೈಕಿಗೆ ಅರ್ಧದಂತೆ 450, ಕಾರು–ಆಟೊಗೆ 300. ಒಟ್ಟು 750 ಪಿ.ಸಿ.ಯು.

ಈ ದಾರಿ ಬಯಲಿನ ಎರಡು ಲೇನ್ ರಸ್ತೆ ಆಗಿದ್ದರೆ 15,000ದಲ್ಲಿ 750 ಎಂದರೆ ನೂರಕ್ಕೆ 5. ಯಾರಿಗೂ ಗೊತ್ತೇ ಆಗುವುದಿಲ್ಲ. ಅಲ್ಲಿ "ಊರು ಮುಗೀತು" ಎಂಬ ಮೆಸೇಜ್ ಸುಳ್ಳು.

ಈಗ ಅದೇ ದಾರಿ ಏರಿಳಿತದ, ತಿರುವಿನ, ಒಂದೇ ಲೇನಿನ ಹಳ್ಳಿ ರಸ್ತೆ ಎಂದುಕೊಳ್ಳಿ. ಸಾಮರ್ಥ್ಯ 1,700. ಅದರ ಮೇಲೆ ಈಗಾಗಲೇ ದಿನಕ್ಕೆ 400 ಬೈಕ್ (200), 100 ಕಾರು (100), 20 ಬಸ್ಸು–ಲಾರಿ (60), 100 ಟ್ರ್ಯಾಕ್ಟರ್–ಟ್ರೇಲರ್ (450) ಓಡುತ್ತವೆ. ಒಟ್ಟು 810. ಅದಕ್ಕೆ 750 ಸೇರಿದರೆ 1,560. ಇನ್ನೂ ಮಿತಿಯೊಳಗಿದೆ, ಆದರೆ ಅಂಚಿನಲ್ಲಿದೆ.

ಕಬ್ಬಿನ ಸೀಸನ್ ಬಂತು, ಅಥವಾ ಗೋವಿನಜೋಳದ ಚೀಲ ಮಾರುಕಟ್ಟೆಗೆ ಹೊರಟವು ಎಂದುಕೊಳ್ಳಿ. ಟ್ರ್ಯಾಕ್ಟರ್ 100ರಿಂದ 200ಕ್ಕೆ ಏರಿತು. ಇನ್ನೂ 450 ಸೇರಿ 2,010 ಆಯಿತು. ಮಿತಿ ದಾಟಿತು.

ಈ ಲೆಕ್ಕ ಹೇಳುವುದು ಇಷ್ಟೇ: ಲೇಔಟ್ ಒಂದೇ ತಪ್ಪಿತಸ್ಥ ಅಲ್ಲ, ಟ್ರ್ಯಾಕ್ಟರ್ ಕೂಡ ಅಲ್ಲ. ಎರಡೂ ಒಂದೇ ಕಿರಿದಾದ ದಾರಿಗೆ ಬಿದ್ದಾಗ ತೊಂದರೆ. ಬೇಸಿಗೆಯ ಒಂದು ಮಧ್ಯಾಹ್ನ ಎಣಿಸಿ "ರಸ್ತೆ ಖಾಲಿ ಇದೆ" ಎನ್ನುವ ವರದಿಯನ್ನು ನಂಬಬಾರದು. ಸುಗ್ಗಿಯಲ್ಲಿ ಮಾತ್ರ ಎಣಿಸಿ "ರಸ್ತೆ ತುಂಬಿದೆ" ಎನ್ನುವುದನ್ನೂ ನಂಬಬಾರದು.

ಇನ್ನೊಂದು ಮರೆತುಹೋಗುವ ಸಂಗತಿ ಇದೆ. ಮನೆಗಳಿಗೆ ಜನ ಬರುವ ಮೊದಲೇ ಜೆಸಿಬಿ, ಟಿಪ್ಪರ್, ಜಲ್ಲಿ–ಸಿಮೆಂಟಿನ ಲಾರಿ ಬರುತ್ತವೆ. ಒಂದೊಂದಕ್ಕೂ 3ರ ಲೆಕ್ಕ. ಪ್ಲಾಟುಗಳು ಒಂದೊಂದಾಗಿ ಮಾರಾಟವಾಗಿ, ಒಂದೊಂದೇ ಮನೆ ಏಳುವ ಊರುಗಳಲ್ಲಿ ಈ ಓಡಾಟ ವರ್ಷಗಟ್ಟಲೆ ನಡೆಯುತ್ತದೆ. ಮಳೆಗಾಲದಲ್ಲಿ ಅವುಗಳ ಚಕ್ರದ ಮಣ್ಣು ಇಳಿಜಾರಿನ ಡಾಂಬರಿನ ಮೇಲೆ ಕೆಸರಾಗಿ ಬೈಕಿನವರನ್ನು ಬೀಳಿಸುತ್ತದೆ.

ಮಾತು 3: "ಈಗಿನ ಗಾಡಿಗಳಿಗೆ ಏರು ಒಂದು ಲೆಕ್ಕವೇ?"

ತಪ್ಪು.

ಸಮತಟ್ಟಾದ ಡಾಂಬರಿನ ಮೇಲೆ 10 ಟನ್ ತೂಕದ ಲಾರಿಯನ್ನು ನಿಧಾನವಾಗಿ ಉರುಳಿಸಿಕೊಂಡು ಹೋಗಲು ಸುಮಾರು 100–150 ಕೆ.ಜಿ. ಎಳೆತ ಸಾಕು. 20 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ದಾರಿಯಲ್ಲಿ, ಅಂದರೆ ಶೇ 5ರ ಏರಿನಲ್ಲಿ, ಅದೇ ಲಾರಿಗೆ ಇನ್ನೂ 500 ಕೆ.ಜಿ. ಎಳೆತ ಬೇಕು. ಒಟ್ಟಿನಲ್ಲಿ ನಾಲ್ಕರಿಂದ ಆರು ಪಟ್ಟು. ಇದಕ್ಕೇ ಲೋಡ್ ಆದ ಗಾಡಿ ಏರಿನಲ್ಲಿ ನಡಿಗೆಯ ವೇಗಕ್ಕೆ ಇಳಿಯುತ್ತದೆ, ಹಿಂದೆ ಸಾಲು ಬೆಳೆಯುತ್ತದೆ.

ಇಳಿಯುವಾಗ ಕಷ್ಟ ಬೇರೆ. 50 ಕಿ.ಮೀ. ವೇಗದಲ್ಲಿ ಬರುವ ವಾಹನ ಸಮತಟ್ಟಾದ ರಸ್ತೆಯಲ್ಲಿ ಅಪಾಯ ಕಂಡು ಬ್ರೇಕ್ ಹಾಕಿ ನಿಲ್ಲಲು ಸುಮಾರು 60 ಮೀಟರ್ ಬೇಕು ಎಂದು ರಸ್ತೆ ವಿನ್ಯಾಸದಲ್ಲಿ ಲೆಕ್ಕ ಹಿಡಿಯುತ್ತಾರೆ. ಶೇ 10ರ ಇಳಿಜಾರಿನಲ್ಲಿ ಅದು ಸುಮಾರು 70 ಮೀಟರ್ ಆಗುತ್ತದೆ. ಆ ಹೆಚ್ಚುವರಿ 10 ಮೀಟರಿನಲ್ಲಿ ಶಾಲೆಯ ಮಗು ರಸ್ತೆ ದಾಟುತ್ತಿರಬಹುದು.

ಅದಕ್ಕಾಗಿಯೇ ಗುಡ್ಡದ ರಸ್ತೆಗೆ ಏರಿನ ಮಿತಿ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಗುಡ್ಡದ ಪ್ರದೇಶದಲ್ಲಿ ಸಾಮಾನ್ಯ ಏರು ಶೇ 5, ಅನಿವಾರ್ಯವಾದರೆ ಶೇ 6, ಅಪರೂಪಕ್ಕೆ ಚಿಕ್ಕ ದೂರಕ್ಕೆ ಶೇ 7. ಬಯಲಿನಲ್ಲಿ ಸಾಮಾನ್ಯ ಏರು ಶೇ 3.3 ಮಾತ್ರ.

ಗುಡ್ಡದ ರಸ್ತೆ ಎಷ್ಟು ನಿರ್ದಯ ಎಂಬುದು ಸವಣೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು–ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ಕಂದಕಕ್ಕೆ ಉರುಳಿ ಕನಿಷ್ಠ 10 ವ್ಯಾಪಾರಿಗಳು ಸತ್ತರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಲಾರಿ ಅಂಚಿಗೆ ಸರಿಯಿತು ಎಂದು ಪೊಲೀಸರು ಹೇಳಿದ್ದರು. ಅದು ರಾಷ್ಟ್ರೀಯ ಹೆದ್ದಾರಿ, ಲೇಔಟ್ ರಸ್ತೆ ಅಲ್ಲ. ಎರಡನ್ನೂ ಒಂದೇ ಎನ್ನುವಂತಿಲ್ಲ. ಆದರೆ ಪಾಠ ಒಂದೇ: ಇಳಿಜಾರಿನಲ್ಲಿ ಎದುರಾದ ಎರಡು ವಾಹನಗಳಿಗೆ ಸರಿದುಕೊಳ್ಳಲು ಜಾಗ, ಅಂಚಿಗೆ ತಡೆಗೋಡೆ ಇಲ್ಲದಿದ್ದರೆ ಒಂದು ಕ್ಷಣದ ದಾರಿ ಬಿಡುವಿಕೆಯೂ ಪ್ರಾಣಕ್ಕೆ ಎರವಾಗುತ್ತದೆ.

ಮಾತು 4: "ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತೆ"

ಅರ್ಧ ಸತ್ಯ. ಗುಡ್ಡದಲ್ಲಿ ಕೆಲವೊಮ್ಮೆ ಅಪಾಯ.

ಬಯಲಿನಲ್ಲಿ ರಸ್ತೆ ಅಗಲ ಮಾಡಲು ಪಕ್ಕದ ಜಮೀನು ಬೇಕು. ಗುಡ್ಡದಲ್ಲಿ ಗುಡ್ಡವನ್ನೇ ಕಡಿಯಬೇಕು. ಇಳಿಜಾರಿನ ಬುಡವನ್ನು ನೇರವಾಗಿ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಹರಿದು ಹೋಗಲು ಚರಂಡಿ ಇಲ್ಲದಿದ್ದರೆ ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಭಾರವಾಗಿ ಕೆಳಗೆ ಜಾರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಂಥ ಇಳಿಜಾರಿನ ಬಡಾವಣೆಗಳಲ್ಲಿ ಮನೆಗಳು ಕುಸಿದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಹಲವು ಕಡೆ ಕಿತ್ತುಹೋಗಿ ಸಂಚಾರ ನಿಂತಿತು. ಮಳೆ ವಿಪರೀತವಾಗಿತ್ತು ನಿಜ. ಆದರೆ ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ಮನಬಂದಂತೆ ಬದಲಾಯಿಸಿದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಮಣ್ಣಿನಡಿ ಸಿಲುಕಿದ್ದು, ವಾಹನಗಳು ಗಂಗಾವಳಿ ನದಿಗೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಅಲ್ಲಿಯೂ ರಸ್ತೆಗಾಗಿ ಗುಡ್ಡ ಕಡಿದ ರೀತಿಯೇ ಪ್ರಶ್ನೆಗೆ ಒಳಗಾಯಿತು.

ಇಷ್ಟು ಓದಿ "ನಮ್ಮೂರು ಇನ್ನೊಂದು ಕೊಡಗು ಆಗುತ್ತದೆ" ಎಂದು ಮೆಸೇಜ್ ಹಾಕಬೇಡಿ. ಹಾವೇರಿ ಜಿಲ್ಲೆಯ ಮಳೆ ಕೊಡಗಿನ ಮಳೆಗಿಂತ ಬಹಳ ಕಡಿಮೆ, ಗುಡ್ಡಗಳೂ ಅಷ್ಟು ಎತ್ತರವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ರಸ್ತೆಗೆ ಎಷ್ಟು ಎತ್ತರ ಗುಡ್ಡ ಕಡಿಯುತ್ತಾರೆ? ತಡೆಗೋಡೆ ಇದೆಯೇ? ನೀರು ಎಲ್ಲಿಗೆ ಹೋಗುತ್ತದೆ?

ಇನ್ನೊಂದು ವಿಷಯ. ಏರಿನ ರಸ್ತೆ ಅಗಲವಾದರೂ, ಅದು ಮುಖ್ಯ ರಸ್ತೆಗೆ ಸೇರುವ ಜಂಕ್ಷನ್ ಹಾಗೆಯೇ ಇದ್ದರೆ ಸಾಲು ಜಂಕ್ಷನ್‌ಗೆ ಬಂದು ನಿಲ್ಲುತ್ತದೆ. ಶಿಗ್ಗಾವಿಯಂಥ ಊರಿನಲ್ಲಿ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಇದೆ. ಹೆದ್ದಾರಿಗೆ ಹೊಸ ದಾರಿ ಸೇರಿಸಲು ಹೆದ್ದಾರಿ ಇಲಾಖೆಯ ಅನುಮತಿ ಬೇಕೇ ಬೇಕು. 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ಇಳಿಜಾರಿನಿಂದ ವೇಗವಾಗಿ ಬಂದು ನೇರವಾಗಿ ಹೆದ್ದಾರಿಗೆ ಬೀಳುವ ದಾರಿ ಎಲ್ಲಕ್ಕಿಂತ ಅಪಾಯ. ಸೇರುವ ಮುನ್ನ ಸ್ವಲ್ಪ ದೂರ ಸಮತಟ್ಟಾಗಿ ಇರಲೇಬೇಕು.

ಮಾತು 5: "ದಾರಿ ಒಂದೇ ಇದ್ದರೂ ಸಾಕು, ಯಾವ ಊರಿಗೆ ಎರಡು ದಾರಿ ಇದೆ?"

ತಪ್ಪು. ಗುಡ್ಡದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಮೈಸೂರಿನ ಚಾಮುಂಡಿ ಬೆಟ್ಟವನ್ನೇ ನೋಡಿ. 2021ರ ಅಕ್ಟೋಬರ್‌ನಲ್ಲಿ ಮಳೆಗೆ ನಂದಿ ವಿಗ್ರಹದ ಕಡೆಯ ರಸ್ತೆ ಕುಸಿಯಿತು. ಆ ದಾರಿಯಲ್ಲಿ ವಾಹನ ಸಂಚಾರ ನಿಲ್ಲಿಸಬೇಕಾಯಿತು. ಆದರೆ ಬೆಟ್ಟದ ಮೇಲಿನ ಊರಿಗೆ, ದೇವಸ್ಥಾನಕ್ಕೆ ಓಡಾಟ ನಿಲ್ಲಲಿಲ್ಲ. ಕಾರಣ, ಬೆಟ್ಟಕ್ಕೆ ಬೇರೆ ದಾರಿಗಳಿದ್ದವು. ದಾರಿ ಒಂದೇ ಇದ್ದಿದ್ದರೆ?

ಬಯಲಿನ ಓಣಿಯಲ್ಲಿ ಒಂದು ದಾರಿ ಬಂದ್ ಆದರೆ ಹೊಲದ ಬದುವಿನ ಮೇಲೆ ಬೈಕ್ ತಂದು ಹೊರಬರಬಹುದು. ಗುಡ್ಡದಲ್ಲಿ ಒಂದು ಪಕ್ಕ ಏರು, ಇನ್ನೊಂದು ಪಕ್ಕ ಇಳಿಜಾರು. ಒಂದು ಲಾರಿ ಅಡ್ಡ ನಿಂತರೆ 108 ಆಂಬುಲೆನ್ಸ್, ಅಗ್ನಿಶಾಮಕ ವಾಹನ ಎರಡೂ ಕೆಳಗೇ ನಿಲ್ಲುತ್ತವೆ. ಹೆರಿಗೆ ನೋವು, ಹಾವಿನ ಕಡಿತ, ಎದೆ ನೋವು, ಇವು ಯಾವುವೂ ಲಾರಿ ತೆಗೆಯುವವರೆಗೆ ಕಾಯುವುದಿಲ್ಲ. ಹೊಸ ಲೇಔಟ್‌ನಿಂದ ಕಷ್ಟವಾಗುವುದು ಹಳೆಯ ನಿವಾಸಿಗಳಿಗೆ ಮಾತ್ರ ಎಂದು ಮಾತು ನಡೆಯುತ್ತದೆ. ಆದರೆ ದಾರಿ ಒಂದೇ ಇದ್ದರೆ ಮೊದಲು ಸಿಕ್ಕಿಬೀಳುವವರು ಸಾಲ ಮಾಡಿ ಅಲ್ಲಿ ಪ್ಲಾಟ್ ಕೊಂಡವರೇ.

ಮಾತು 6: "ಸಾರ್ವಜನಿಕ ಸಭೆ ಮಾಡಿಲ್ಲ, ಹಾಗಾಗಿ ಯೋಜನೆ ಅಕ್ರಮ"

ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು.

ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಟ್ಟಡ ವಿಸ್ತೀರ್ಣದ ಯೋಜನೆಗೆ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಸಣ್ಣ ಪ್ಲಾಟ್ ಲೇಔಟ್‌ಗಳು ಬಹುಪಾಲು ಆ ಮಿತಿಗೂ ಬರುವುದಿಲ್ಲ. ಆದ್ದರಿಂದ "ಸಭೆ ಕರೆದಿಲ್ಲ" ಎಂಬ ಒಂದೇ ಕಾರಣಕ್ಕೆ ಕೂಗಾಡಿದರೆ ನಿಮ್ಮ ಅರ್ಜಿ ಮೊದಲ ದಿನವೇ ಬಿದ್ದುಹೋಗುತ್ತದೆ.

ಹಾಗಾದರೆ ಬಾಯಿ ತೆರೆಯಲು ಜಾಗ ಎಲ್ಲಿದೆ?

ಕೃಷಿ ಜಮೀನನ್ನು ಎನ್.ಎ. ಮಾಡಿಸುವ ಹಂತ ಮೊದಲನೆಯದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಇದು ಜಿಲ್ಲಾಧಿಕಾರಿಗಳ ವ್ಯಾಪ್ತಿ. ಲೇಔಟ್ ನಕ್ಷೆಗೆ ಮಂಜೂರಾತಿ ಎರಡನೆಯದು. ಇದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಡೆಯುತ್ತದೆ. ಮಹಾಯೋಜನೆಯಲ್ಲಿ ಬೇರೆ ಉದ್ದೇಶಕ್ಕೆ ಗುರುತಿಸಿದ ಜಾಗವನ್ನು ವಸತಿಗೆ ಬದಲಿಸುವುದಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಚಿಕ್ಕದಾಗಿರುತ್ತದೆ, ಅವಧಿಯೂ ಚಿಕ್ಕದು. ಪತ್ರಿಕೆಯ ಆ ಚಿಕ್ಕ ಪ್ರಕಟಣೆಯ ಫೋಟೊ ತೆಗೆದು ಗುಂಪಿನಲ್ಲಿ ಹಾಕುವುದು ನೂರು ಸಿಟ್ಟಿನ ಫಾರ್ವರ್ಡ್‌ಗಳಿಗಿಂತ ಉಪಯೋಗ.

ಮಾತು 7: "ರೇರಾ ನಂಬರ್ ಇದೆ, ಅಂದರೆ ಎಲ್ಲ ಪರಿಶೀಲನೆ ಆಗಿದೆ"

ತಪ್ಪು.

2016ರ ರೇರಾ ಕಾಯ್ದೆ ಪ್ಲಾಟ್ ಅಥವಾ ಮನೆ ಕೊಳ್ಳುವವರ ರಕ್ಷಣೆಗೆ ಬಂದದ್ದು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ. ಪ್ರವರ್ತಕರು ಯಾರು, ಜಾಗದ ಕಾಗದ ಏನು, ಯಾವಾಗ ಮುಗಿಸುತ್ತಾರೆ ಎಂಬುದು ಅಲ್ಲಿ ಸಿಗುತ್ತದೆ. ಕೆಳಗಿನ ರಸ್ತೆ ಈ ಭಾರ ತಡೆಯುತ್ತದೆಯೇ ಎಂದು ಎಣಿಸುವುದು ರೇರಾ ಕೆಲಸ ಅಲ್ಲ. ಆದರೆ ಅನುಮೋದಿತ ನಕ್ಷೆ ಅದರ ಜಾಲತಾಣದಲ್ಲಿ ನೋಡಲು ಸಿಗುತ್ತದೆ. ದಾರಿ ಎಲ್ಲಿ, ಎಷ್ಟು ಎಂಬುದನ್ನು ಅಲ್ಲಿಂದ ತಿಳಿಯಬಹುದು.

ನಿಮ್ಮ ಫೋನಿನಲ್ಲೇ ಈ ಕೆಲಸ ಮಾಡಬಹುದು

1. ಸರ್ವೆ ನಂಬರ್ ತಿಳಿಯಿರಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದರ ಮೇಲೆ ಉತಾರ, ಅಂದರೆ ಪಹಣಿ ತೆಗೆದು ನೋಡಿ.

2. ಏರು ಅಳೆಯಿರಿ. ಗೂಗಲ್ ಅರ್ಥ್‌ನಲ್ಲಿ ಗುಡ್ಡದ ಬುಡದ ಮತ್ತು ಲೇಔಟ್ ಜಾಗದ ಎತ್ತರ ನೋಡಿ. ಎರಡರ ವ್ಯತ್ಯಾಸವನ್ನು ದಾರಿಯ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ. 400 ಮೀಟರ್ ದಾರಿಯಲ್ಲಿ 36 ಮೀಟರ್ ಏರಿದರೆ ಶೇ 9. ಕೆಲವು ಮೀಟರ್ ಹೆಚ್ಚುಕಡಿಮೆ ಬರಬಹುದು. ಅಂದಾಜಿಗೆ ಸಾಕು.

3. ಅಗಲ ಅಳೆಯಿರಿ. ಟೇಪ್ ಹಿಡಿದು ಅತ್ಯಂತ ಕಿರಿದಾದ ಮೂರು ಜಾಗಗಳನ್ನು ಅಳೆದು, ಫೋಟೊ ತೆಗೆಯಿರಿ.

4. ವಾಹನ ಎಣಿಸಿ. ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 7. ಒಂದು ಸಾಮಾನ್ಯ ದಿನ, ಒಂದು ಸಂತೆ ದಿನ. ಬೈಕು, ಕಾರು, ಲಾರಿ, ಟ್ರ್ಯಾಕ್ಟರ್ ಬೇರೆ ಬೇರೆ ಗೀಟು ಹಾಕಿ. ರಸ್ತೆಯ ಒಳಗೆ ನಿಲ್ಲಬೇಡಿ.

5. ಹೋಲಿಕೆಗೆ ಹಳೆಯ ಲೇಔಟ್ ನೋಡಿ. ನಿಮ್ಮ ಊರಿನಲ್ಲೇ ತುಂಬಿದ ಒಂದು ಲೇಔಟ್‌ನ ಬಾಗಿಲಲ್ಲಿ ಅದೇ ಎರಡು ಗಂಟೆ ಎಣಿಸಿ, ಮನೆಗಳ ಸಂಖ್ಯೆಯಿಂದ ಭಾಗಿಸಿ. ಅಮೆರಿಕದ ಕೈಪಿಡಿಗಿಂತ ನಿಮ್ಮೂರಿನ ಈ ಲೆಕ್ಕ ಗಟ್ಟಿ.

ಎಲ್ಲಿಗೆ ಬರೆಯಬೇಕು? ಏನು ಬರೆಯಬೇಕು?

ಹಾನಗಲ್, ಶಿಗ್ಗಾವಿ, ಸವಣೂರು ಪಟ್ಟಣದ ಮಿತಿಯೊಳಗಾದರೆ ಪುರಸಭೆಯ ಮುಖ್ಯಾಧಿಕಾರಿಗೆ, ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯಿತಿಗೆ. ಹೊರಗಾದರೆ ಗ್ರಾಮ ಪಂಚಾಯಿತಿಯ ಪಿಡಿಒಗೆ. ಒಂದು ಪ್ರತಿ ಯೋಜನಾ ಪ್ರಾಧಿಕಾರಕ್ಕೆ ಅಥವಾ ನಗರ ಯೋಜನೆಯ ಜಿಲ್ಲಾ ಕಚೇರಿಗೆ, ಇನ್ನೊಂದು ಲೋಕೋಪಯೋಗಿ ಇಲಾಖೆಗೆ, ಮತ್ತೊಂದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಕೊಟ್ಟದ್ದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕಾಗದ ಯಾವ ಹಂತದಲ್ಲಿದೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ. 30 ದಿನದಲ್ಲಿ ಉತ್ತರ ಕೊಡಬೇಕು.

ಪತ್ರದಲ್ಲಿ "ಯೋಜನೆ ನಿಲ್ಲಿಸಿ" ಎಂದು ಒಂದೇ ಸಾಲು ಬರೆದರೆ ಉತ್ತರ ಬರುವುದು ಕಷ್ಟ. ಹೀಗೆ ಕೇಳಿ ನೋಡಿ:

"ಈ ಸರ್ವೆ ನಂಬರಿನ ಲೇಔಟ್‌ಗೆ ಹೋಗುವ ದಾರಿಯ ಕನಿಷ್ಠ ಅಗಲ ಇಷ್ಟು, ಏರು ಇಷ್ಟು, ಸಂತೆ ದಿನ ಎರಡು ಗಂಟೆಯಲ್ಲಿ ಓಡಿದ ವಾಹನ ಇಷ್ಟು. ಎರಡನೇ ದಾರಿ, ವಾಹನ ಸರಿದುಕೊಳ್ಳುವ ಜಾಗ, ಅಂಚಿನ ತಡೆಗೋಡೆ, ಮಳೆನೀರಿನ ಚರಂಡಿ ಮತ್ತು ಜಂಕ್ಷನ್ ಸುಧಾರಣೆ ಮಂಜೂರಾತಿಯ ಷರತ್ತಿನಲ್ಲಿ ಇವೆಯೇ? ಇದ್ದರೆ ನಿವೇಶನ ಮಾರಾಟಕ್ಕೆ ಮುನ್ನ ಅವು ಮುಗಿಯುತ್ತವೆಯೇ?"

ಕೊನೆಯ ಪ್ರಶ್ನೆ ಬಹಳ ಮುಖ್ಯ. ಪ್ಲಾಟ್ ಮಾರಾಟವಾದ ಮೇಲೆ ರಸ್ತೆಯ ಹೊಣೆ ಮೆಲ್ಲಗೆ ಪುರಸಭೆಯ, ಪಂಚಾಯಿತಿಯ ತಲೆಗೆ ಬೀಳುತ್ತದೆ. ಅಂದರೆ ತೆರಿಗೆ ಕಟ್ಟುವ ಎಲ್ಲರ ತಲೆಗೆ.

ಇನ್ನೊಂದು ಮಾತು

ಟ್ರಾಫಿಕ್ ಕಾಳಜಿ ಎಂಬ ಹೆಸರಿನಲ್ಲಿ "ಹೊರಗಿನವರು ಬರ್ತಾರೆ", "ಇಂಥ ಜನ ಬರ್ತಾರೆ" ಎಂಬ ಸಾಲುಗಳನ್ನು ಸೇರಿಸಿ ಕಳಿಸುವ ಮೆಸೇಜ್‌ಗಳೂ ಇರುತ್ತವೆ. ರಸ್ತೆಗೆ ಯಾರ ಗಾಡಿ ಎಂಬುದು ಗೊತ್ತಾಗುವುದಿಲ್ಲ, ಎಷ್ಟು ಗಾಡಿ ಎಂಬುದು ಮಾತ್ರ ಗೊತ್ತಾಗುತ್ತದೆ. ಊರಿಗೆ ಮನೆಗಳು ಬೇಕು. ಬಾಡಿಗೆ ಮನೆಯಲ್ಲಿ ಇದ್ದು ಒಂದು ನಿವೇಶನಕ್ಕಾಗಿ ಕಾಯುತ್ತಿರುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಅಂಥ ಸಾಲು ಇರುವ ಮೆಸೇಜ್ ಮುಂದಕ್ಕೆ ಕಳಿಸಿದರೆ ನಿಜವಾದ ರಸ್ತೆಯ ಪ್ರಶ್ನೆ ಬಿದ್ದುಹೋಗುತ್ತದೆ, ಜಗಳ ಮಾತ್ರ ಉಳಿಯುತ್ತದೆ.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ನಾಲ್ಕು ಅಂಶ ಇವೆಯೇ ನೋಡಿ: ಎಷ್ಟು ಮನೆ, ಎಷ್ಟು ದಾರಿ, ಎಷ್ಟು ಏರು, ಎಲ್ಲಿ ಸೇರುತ್ತದೆ. ನಾಲ್ಕೂ ಇದ್ದರೆ ಓದಿ, ಪರೀಕ್ಷಿಸಿ, ಕಳಿಸಿ. ಒಂದೂ ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ.